ಸೈಫುದ್ದೀನ ಗೌಂಡಿ ಕಟ್ಟಿದ ಗೋಡೆ

ತಿಕೋಟಾದ ಪೇಟೆಯಲ್ಲಿದ್ದ ಎರಡಂತಸ್ತಿನ ಆ ಕಲ್ಲಿನ ಕಟ್ಟಡಕ್ಕೆ ಊರವರು ಹತ್ತಿ ಅಂಗಡಿ ಎಂದೇ ಅನ್ನುತ್ತಿದ್ದರು. ಹತ್ತಿ ವ್ಯಾಪಾರ ನಿಂತು ಎಷ್ಟೋ ಕಾಲವಾಗಿತ್ತು. ಆಮೇಲೆ ಅಲ್ಲಿ ಬಟ್ಟೆ ಅಂಗಡಿ ಬಂತು, ಮೇಲಂತಸ್ತಿನಲ್ಲಿ ದರ್ಜಿಗಳು ಕೂತರು, ಕೊನೆಗೆ ಒಣದ್ರಾಕ್ಷಿ ಇಡುವ ಗೋದಾಮಾಯಿತು. ಹೆಸರು ಮಾತ್ರ ಬದಲಾಗಲಿಲ್ಲ.

ಅದನ್ನು ಕಟ್ಟಿದವನು ಸೈಫುದ್ದೀನ ಗೌಂಡಿ. ಅವನ ಮಗ ಗೈಬುಸಾಬನೂ ಗೌಂಡಿಯೇ. ವಿಜಯಪುರದ ಜಲನಗರದಲ್ಲಿ ಅವನು ಕಟ್ಟಿದ ಮನೆಗಳು ಬೇಕಾದಷ್ಟಿವೆ. ಆದರೆ ಅವನ ಬಾಯಲ್ಲಿ ಸದಾ ಅಪ್ಪನ ಕಟ್ಟಡವೇ. "ಹೊರಗ ಕಲ್ಲು, ಒಳಗ ಸುಣ್ಣದ ಗಚ್ಚು. ಗುಂಡು ಹೊಡದ್ರೂ ಅಲಗಾಡೂದಿಲ್ಲ" ಎನ್ನುತ್ತಿದ್ದ.

ಆ ಜಂಬದಲ್ಲೇ ಒಮ್ಮೆ ಜೈನಾಪುರಕ್ಕೆ ಹೋದಾಗ ನಾಲಿಗೆ ಹರಿಬಿಟ್ಟಿದ್ದ. ಅವನ ಜೊತೆ ದುಡಿಯುತ್ತಿದ್ದ ಶಿವಯೋಗೆಪ್ಪ ಅಲ್ಲಿ ಸ್ವಂತ ಮನೆ ಕಟ್ಟಿಕೊಂಡು ವಾಸ್ತುಶಾಂತಿಗೆ ಕರೆದಿದ್ದ. ಗೈಬುಸಾಬ ಬೀಗರ ಎದುರೇ ಗೋಡೆಯನ್ನು ಬೆರಳಿಂದ ಬಡಿದು, "ಇದು ಗ್ವಾಡಿ ಅಲ್ಲೋ, ಹಪ್ಪಳ! ನಮ್ಮಪ್ಪನ ಕೆಲಸಾ ನೋಡಿ ಕಲಿ" ಎಂದ. ಬೀಗರು ನಕ್ಕರು. ಶಿವಯೋಗೆಪ್ಪ ಎಲ್ಲರನ್ನೂ ಊಟಕ್ಕೆ ಎಬ್ಬಿಸಿದ.

ಈ ವರ್ಷ ಮಾಲಕ ಅರುಣಕುಮಾರ ಹತ್ತಿ ಅಂಗಡಿ ಕೆಡವಿಸಿ ಕಾಂಪ್ಲೆಕ್ಸ್ ಕಟ್ಟಿಸಲು ನಿಂತ. ಕೆಡವುವ ದಿನ ಪೇಟೆಯೇ ನೆರೆದಿತ್ತು. ಗೈಬುಸಾಬ ಜೆಸಿಬಿಯವನಿಗೆ, "ಹುಷಾರಪಾ, ಗಚ್ಚಿನ ಗ್ವಾಡಿ ಐತಿ, ನಿನ್ನ ಮಷೀನಿನ ಹಲ್ಲು ಮುರದಾವು" ಎಂದು ಎಲ್ಲರಿಗೂ ಕೇಳುವಂತೆ ಹೇಳಿದ.

ಮಷೀನು ಒಮ್ಮೆ ನೂಕಿತು. ಗೋಡೆ ಸರಕ್ಕನೆ ಕುಸಿಯಿತು. ಧೂಳು ಅಡಗಿದಾಗ ಎರಡು ಕಲ್ಲಿನ ಸಾಲುಗಳ ನಡುವೆ ಕಂಡದ್ದು ಕರಿಮಣ್ಣು, ಜೋಳದ ಕಣಿಕೆ ಚೂರು, ಒಡೆದ ಗಡಿಗೆ. ಗಚ್ಚಿನ ಸುಳಿವೇ ಇರಲಿಲ್ಲ.

"ಏನ್ರೀ ಸಾಬ್ರ, ಇದೇನ್ರಿ ನಿಮ್ಮ ಗಚ್ಚು?" ಎಂದು ಯಾರೋ ಕೂಗಿದರು. ನಗೆ ಎದ್ದಿತು. ಗೈಬುಸಾಬನ ಕಿವಿಗಳು ಬಿಸಿಯಾದವು. ಟೊಪ್ಪಿಗೆ ಸರಿಮಾಡಿಕೊಂಡವನಂತೆ ಮುಖ ಮರೆಮಾಡಿ ಸಂದಿಯೊಳಗೆ ನಡೆದುಬಿಟ್ಟ. ಆದರೆ ಆ ನಗೆಗಿಂತ ಹೆಚ್ಚಾಗಿ ಅವನನ್ನು ಸುಟ್ಟದ್ದು ಜೈನಾಪುರದಲ್ಲಿ ತಾನಾಡಿದ್ದ ಆ ಮಾತು.

ಮರುದಿನ ಶಿವಯೋಗೆಪ್ಪನ ಮನೆಗೆ ಹೋದ. ನಡೆದದ್ದನ್ನೆಲ್ಲ ಹೇಳಿದ. ಶಿವಯೋಗೆಪ್ಪ, "ನನಗ ಗೊತ್ತಿತ್ತೋ" ಎಂದ.

"ಹ್ಯಾಂಗ?"

"ಬಟ್ಟಿ ಅಂಗಡಿ ಇದ್ದಾಗ ಹಿಂದ ಬಾಗಲಾ ಮಾಡಾಕ ನನ್ನ ಕರದಿದ್ರು. ಗ್ವಾಡಿ ಒಡದೆ, ಬರೇ ಮಣ್ಣು. ಮಣ್ಣು ಕಾಣದಂಗ ಪ್ಲಾಸ್ಟರ ಮಾಡಿ ಮುಚ್ಚಿದೆ."

"ಅಂದ್ರ... ವಾಸ್ತುಶಾಂತಿ ದಿನ ನಿನಗ ಗೊತ್ತಿತ್ತು?"

"ಗೊತ್ತಿತ್ತು. ಆಗಿನ ಮಾಲಕ ಸುಣ್ಣಾ ಕೊಡಲಿಲ್ಲೋ, ನಿಮ್ಮಪ್ಪ ಹಾಕಲಿಲ್ಲೋ, ಯಾರಿಗೆ ಗೊತ್ತು. ಅಷ್ಟ ಮಂದ್ಯಾಗ ನಿಮ್ಮಪ್ಪನ ಹೆಸರ ಯಾಕ ಕೆಡಸೂದು ಅಂತ ಬಿಟ್ಟೆ."

ಗೈಬುಸಾಬನಿಗೆ ತಲೆ ಎತ್ತಲಾಗಲಿಲ್ಲ. ಮುಂದಿಟ್ಟ ಚಹಾ ಕುಡಿಯದೇ ಎದ್ದು ಬಂದ.

ಮನೆಯಲ್ಲಿ ಹೆಂಡತಿ ಸುರೈಯಾ, "ತಪ್ಪಾತು ಅಂತ ಹೇಳಿ ಬಂದ್ರೇನು?" ಎಂದು ಕೇಳಿದಳು. ಆಗ ಅವನಿಗೆ ಹೊಳೆಯಿತು: ಹೋದದ್ದೇ ಅದಕ್ಕಾಗಿ, ಆ ಒಂದು ಮಾತನ್ನೇ ಆಡಿರಲಿಲ್ಲ.

ಶುಕ್ರವಾರ ನಮಾಜು ಮುಗಿಸಿ ಮತ್ತೆ ಜೈನಾಪುರಕ್ಕೆ ಹೋದ. ಅವತ್ತು ಶಿವಯೋಗೆಪ್ಪನ ಬೀಗರೂ ಬಂದಿದ್ದರು. ವಾಪಸು ಹೋಗಿಬಿಡೋಣ ಅನ್ನಿಸಿತು. ಆದರೂ ಹೊಸ್ತಿಲಲ್ಲೇ ನಿಂತು, ಅವರೆಲ್ಲರ ಎದುರಿಗೆ ಹೇಳಿದ: "ಅವತ್ತ ನಾ ಆಡಿದ್ದು ಸುಳ್ಳರಿ. ಹಪ್ಪಳ ಇದ್ದದ್ದು ನಮ್ಮಪ್ಪನ ಗ್ವಾಡಿ."

ಯಾರೂ ನಗಲಿಲ್ಲ. ಶಿವಯೋಗೆಪ್ಪ ಕೈ ಹಿಡಿದು ಒಳಗೆ ಕರೆದ. ಗೈಬುಸಾಬ ಹೋಗಿ ಕೂತ, ಆದರೆ ಎಷ್ಟು ಹೊತ್ತಾದರೂ ಶಿವಯೋಗೆಪ್ಪನ ಮುಖ ನೋಡಿ ಮಾತಾಡಲು ಆಗಲಿಲ್ಲ.