ನೀರವ್ವನ ಕಥೆ ನಿನ್ನದು, ಅಕ್ಕಾ

ಅತ್ತೆ ಆ ಕಥೆ ಹೇಳಿದ್ದು ನಿಜ, ಅಕ್ಕಾ. ನಾನು ಕೇಳಿದ್ದೂ ನಿಜ. ಹಿರಿಯರ ಮುಂದೆ ಕೇಳಿಲ್ಲ ಎಂದದ್ದು ಸುಳ್ಳು — ತಿಳಿದೂ ತಿಳಿದೂ ಆಡಿದ ಸುಳ್ಳು.

ನಾವಿಬ್ಬರೂ ಒಂದೇ ಮನೆಗೆ ಸೊಸೆಯರಾಗಿ ಬಂದವರು. ನೀನು ಹಿರಿಯಳು ಶಂಕ್ರಮ್ಮ, ನಾನು ಕಿರಿಯಳು ಮಾನಮ್ಮ. ಸುರಪುರದಿಂದ ತಿಂಥಣಿಗೆ ಹೋಗುವ ರಸ್ತೆಯ ಬದಿಗೆ, ನಮ್ಮ ಹೊಲದ ಅಂಚಿಗೆ, ನೀರವ್ವನ ಗುಡಿ. ಬಗ್ಗಿ ಒಳಹೋಗಬೇಕಾದ ಕಲ್ಲಿನ ಕೋಣೆ, ಒಳಗೆ ಕೊಡ ಹೊತ್ತ ಹೆಂಗಸಿನ ಸವೆದ ಕಲ್ಲು — ಅಷ್ಟೇ. ಅಲ್ಲಿ ದೀಪ ಹಚ್ಚುವುದು ನಮ್ಮ ಮನೆಯ ಕೆಲಸ. ಕಣ್ಣು ಮಂಜಾದ ಮೇಲೆ ಅತ್ತೆ ಅದನ್ನು ನಿನಗೆ ವಹಿಸಿದಳು. ಕಥೆಯನ್ನೂ ನಿನ್ನನ್ನೇ ಪಕ್ಕಕ್ಕೆ ಕೂರಿಸಿಕೊಂಡು ಹೇಳಿದಳು. ನನ್ನನ್ನು ಕರೆಯಲಿಲ್ಲ. ನಾನು ಅಡುಗೆಮನೆಯ ಬಾಗಿಲ ಹಿಂದೆ ನಿಂತು ಕೇಳಿದೆ.

ರಾಜರ ಕಾಲದಲ್ಲಿ ಒಬ್ಬಾಕೆ ಅಲ್ಲಿ ದಾರಿಹೋಕರಿಗೆ ನೀರು ಕೊಡುತ್ತಿದ್ದಳಂತೆ. ಗಾಯಗೊಂಡು ಓಡಿಬಂದ ಸಿಪಾಯಿಯೊಬ್ಬನನ್ನು ಆ ಕೋಣೆಯಲ್ಲಿ ಜೋಳದ ಒಣದಂಟಿನ ಕಣಕಿಯ ಅಡಿ ಬಚ್ಚಿಟ್ಟಳು. ಬೆನ್ನಟ್ಟಿ ಬಂದವರಿಗೂ ನೀರು ಕೊಟ್ಟಳು. ಕುತ್ತಿಗೆಗೆ ಕತ್ತಿ ಹಿಡಿದರೂ ಬಾಯಿ ಬಿಡಲಿಲ್ಲ. ಅವಳನ್ನು ಕೊಂದು ಅವರು ಮುಂದೆ ಹೋದರು. ಬದುಕಿ ಉಳಿದವನು ತಿರುಗಿ ಬಂದು ಆ ಕಲ್ಲು ಕೆತ್ತಿಸಿದ.

ನೀನು ಇದನ್ನು ಹೇಳಿದರೆ ಹತ್ತಿ ಬಿಡಿಸುವವರ ಕೈ ನಿಲ್ಲುತ್ತಿತ್ತು. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸಿ ಮೊಬೈಲಿನಲ್ಲಿ ನಿನ್ನ ವಿಡಿಯೋ ಹಿಡಿದುಕೊಳ್ಳುತ್ತಿದ್ದರು. ನನ್ನ ಗಂಡ ನನ್ನ ಎರಡು ಮಾತು ಕೇಳದವನು — ನಿನ್ನ ಕಥೆಗೆ ಊಟ ಮರೆತು ಕೂರುತ್ತಿದ್ದ. ನಾನು ಹೆತ್ತ ಮಕ್ಕಳು ನಿನ್ನ ತೊಡೆಯ ಮೇಲೆ ಮಲಗುತ್ತಿದ್ದವು. ರೊಟ್ಟಿ ಬಡಿಯುತ್ತ ನಾನು ನಿನ್ನ ದನಿ ಕೇಳುತ್ತಿದ್ದೆ, ಒಂದು ದಿನವಾದರೂ ಅದು ಕಟ್ಟಿಹೋಗಲಿ ಎಂದು...

ಅತ್ತೆ ತೀರಿಹೋದ ಮೇಲೆ ಊರವರು ಗುಡಿ ದುರಸ್ತಿ ಮಾಡಿಸಿ ಗೋಡೆಯ ಮೇಲೆ ಕಥೆ ಬರೆಸಲು ಹೊರಟಾಗ ಹಿರಿಯರು ನಮ್ಮ ಅಂಗಳಕ್ಕೆ ಬಂದರು. ಬಾಯಿಂದ ಬಾಯಿಗೆ ಬಂದ ಮಾತು, ಇನ್ನೊಬ್ಬರನ್ನೂ ಕೇಳೋಣ ಎಂದರು.

“ಸಣ್ಣಾಕಿ, ನೀನೂ ಇದಽ ಮನ್ಯಾಗ ಇದ್ದಿ. ನಿಮ್ಮತ್ತಿ ಈ ಕಥಿ ಹೇಳಿದ್ದು ಖರೇ ಏನು?”

“ನಾ ಎಂದೂ ಕೇಳಿಲ್ರಿ. ಅಕ್ಕನಽ ಕಟ್ಟಿ ಹೇಳ್ತಾಳೋ ಏನೋ.”

ನೀನು ಅಲ್ಲೇ ಜೋಳ ಕೇರುತ್ತಿದ್ದೆ. ಮೊರ ಕೆಳಗಿಟ್ಟು ನನ್ನನ್ನೇ ನೋಡಿದೆ. ಅವರು ಹೋದ ಮೇಲೆ ನನ್ನ ಹತ್ತಿರ ಬಂದು ಮೆಲ್ಲಗೆ ಅಂದೆ: “ಅವತ್ತ ಬಾಗಲ ಹಿಂದ ನಿನ್ನ ಕೈಯಾನ ಬಳಿ ಸಪ್ಪಳ ಕೇಳಿತ್ತು, ಮಾನಮ್ಮ.”

ಹಿರಿಯರ ಮುಂದೆ ಅದನ್ನೇಕೆ ಹೇಳಲಿಲ್ಲ — ನಾನು ಕೇಳಲಿಲ್ಲ, ನೀನೂ ಹೇಳಲಿಲ್ಲ.

ಬೇಟೆಗೆ ಬಂದ ಯಾವನೋ ರಾಜ ಕಟ್ಟಿಸಿದ ಗುಡಿ ಎಂದು ಗೋಡೆಯ ಮೇಲೆ ಬರೆಸಿದರು. ದೀಪ ಹಚ್ಚುವ ಕೆಲಸ ನನಗೆ ಬಂತು. ನೀನು ಮತ್ತೆಂದೂ ಕಥೆ ಹೇಳಲಿಲ್ಲ. ಆದರೂ ಮಕ್ಕಳು ನಿನ್ನ ಪಕ್ಕದಲ್ಲೇ ಹೋಗಿ ಸುಮ್ಮನೆ ಕೂರುತ್ತಿದ್ದವು. ನನ್ನ ಹೊಟ್ಟೆಯ ಉರಿ ಅದಕ್ಕೂ ಉರಿಯಿತು.

ಈಗ ನೀನು ಶಹಾಪುರದಲ್ಲಿ ಮಗಳ ಮನೆಯಲ್ಲಿದ್ದೀ. ಲಕ್ವಾ ಹೊಡೆದು ಮಾತು ಹೋಗಿದೆ. ಆ ಸುದ್ದಿ ಕೇಳಿದಾಗ ನನಗೆ ಮೊದಲು ಬಂದದ್ದು ಅಳುವಲ್ಲ — ಅತ್ತೆಯ ಬಾಯಿಂದ ಕೇಳಿ ಆ ಕಥೆ ಹೇಳಬಲ್ಲವಳು ಇನ್ನು ನಾನೊಬ್ಬಳೇ ಎಂಬ ಹಿಗ್ಗು. ಒಂದು ಗಳಿಗೆಯದು. ಆ ಗಳಿಗೆಗೆ ನಾನೇ ಹೆದರಿದೆ.

ಹೋದ ಅಮಾವಾಸ್ಯೆಗೆ ಗುಡಿಯ ಮುಂದೆ ಎಲ್ಲರಿಗೂ ಕಥೆ ಹೇಳಿದೆ. ನನ್ನ ಸುಳ್ಳನ್ನೂ ಹೇಳಿದೆ. ಓಣಿಯ ಹೆಂಗಸೊಬ್ಬಳು ಕೇಳಿದಳು: “ಅವತ್ತ ಕೇಳಿಲ್ಲ ಅಂದಾಕಿ ನೀನಽ. ಇವತ್ತ ಖರೇ ಅಂದ್ರ ಹ್ಯಾಂಗ ನಂಬೂದು?” ನಾನು ದೀಪಕ್ಕೆ ಎಣ್ಣೆ ಹಾಕಿ ಮನೆಗೆ ಬಂದೆ. ಗೋಡೆಯ ಬರಹ ಹಾಗೇ ಇದೆ.

ನಾಳೆ ಶಹಾಪುರಕ್ಕೆ ಬರುತ್ತೇನೆ. ನಿನ್ನ ಮಗಳ ಎದುರು ಎಲ್ಲವನ್ನೂ ಹೇಳುತ್ತೇನೆ. ಕ್ಷಮಿಸು ಎಂದು ಮಾತ್ರ ಕೇಳುವುದಿಲ್ಲ, ಅಕ್ಕಾ. ಆಗುವುದಿಲ್ಲ ಎನ್ನಲು ನಿನಗೆ ಮಾತಿಲ್ಲದಿರುವಾಗ ಹಾಗೆ ಕೇಳುವುದು — ಅದೂ ನಿನಗೆ ಮಾಡುವ ಇನ್ನೊಂದು ಮೋಸ.