ಭಾವನ ಬಲಗೈಯ ಸರದಿ

ನಮ್ಮ ಭಾವನಿಗೆ ಬೀದಿಯವರು ಇಟ್ಟ ಹೆಸರು ಆಮೇಲಪ್ಪ. ಹೆಸರಿಟ್ಟವರು ಬೀದಿಯವರಾದರೂ ಅದಕ್ಕೆ ಬೇಕಾದ ಸರಕನ್ನೆಲ್ಲ ಒದಗಿಸಿದವರು ಸ್ವತಃ ಭಾವನೇ. ಅಂಗಡಿಯ ನಲ್ಲಿ ಸೋರುತ್ತಿದೆ ಎಂದರೆ ಆಮೇಲೆ ನೋಡೋಣ. ಕನ್ನಡಿಯ ಮೇಲಿನ ಬಲ್ಬು ಹೋಗಿದೆ ಎಂದರೆ ಆಮೇಲೆ ಹಾಕೋಣ. ಬೆಳಗ್ಗೆ ವಾಕಿಂಗ್ ಹೋಗಲಿ ಎಂದು ಅಕ್ಕ ಆಸೆಪಟ್ಟು ತಂದ ಬೂಟು ಎರಡು ವರ್ಷ ಡಬ್ಬಿಯಲ್ಲೇ ಮಲಗಿತ್ತು. ಅದನ್ನು ಹಾಕಿಕೊಂಡು ಅವರು ನಡೆದದ್ದು ಅಳತೆ ನೋಡುವಾಗ, ನಡುಮನೆಯಿಂದ ಅಡುಗೆಮನೆಯವರೆಗೆ. ಅಷ್ಟಕ್ಕೇ ಸುಸ್ತಾಯಿತು ಎಂದು ಕಾಫಿ ಕೇಳಿದ್ದರು.

ಆದರೆ ಒಂದು ಮಾತು ಒಪ್ಪಲೇಬೇಕು, ತಲೆಯ ವಿಷಯದಲ್ಲಿ ಮಾತ್ರ ಅವರಿಗೆ ಆಮೇಲೆ ಎನ್ನುವುದೇ ಇರಲಿಲ್ಲ. ಅವರದು ಕಟಿಂಗ್ ಅಂಗಡಿ. ಒಂದೇ ಸೀಟು, ಎದುರಿಗೆ ಗೋಡೆಯಷ್ಟು ದೊಡ್ಡ ಕನ್ನಡಿ, ಹಿಂದೆ ಕಾಯುವವರಿಗೊಂದು ಬೆಂಚು. ಪಕ್ಕದ ಜೆರಾಕ್ಸ್ ಅಂಗಡಿ ನನ್ನದು, ಹಾಗಾಗಿ ಅವರ ದಿನಚರಿಯೆಲ್ಲ ನನಗೆ ಬಾಯಿಪಾಠ. ಅಂಗಡಿಯ ಬೀಗದ ಕೈ ಕೊಡುವಾಗ ಅವರಪ್ಪ ಹೇಳಿದ್ದು ಒಂದೇ ಮಾತಂತೆ: "ಸೀಟಲ್ಲಿ ಕೂತೋರ್ನ ಕಾಯಿಸ್ಬೇಡ." ಇಪ್ಪತ್ತಾರು ವರ್ಷ ಅದನ್ನು ಅವರು ಮೀರಿದ್ದಿಲ್ಲ. ಸೀಟಿನಲ್ಲಿ ಜನ ಇದ್ದರೆ ಫೋನು ಬಡಿದುಕೊಂಡರೂ ಎತ್ತುತ್ತಿರಲಿಲ್ಲ. ಕರೆಂಟು ಹೋದರೆ ಬಾಗಿಲು ಪೂರಾ ತೆರೆದು, ಆ ಬೆಳಕಿನಲ್ಲಿ ಬರೀ ಕತ್ತರಿಯಿಂದಲೇ ಮುಗಿಸುತ್ತಿದ್ದರು. ಸೀಟು ಖಾಲಿಯಾದ ಕೂಡಲೇ ಮತ್ತೆ ಅದೇ ಆಮೇಲಪ್ಪ.

ಇಂಥವರಿಗೆ ಬಲಭುಜ ನೋಯಲು ಶುರುವಾಯಿತು. ತೋರಿಸಿಕೊಂಡು ಬನ್ನಿ ಎಂದು ಅಕ್ಕ ಗೋಗರೆದಳು, ಆಮೇಲೆ ಬೈದಳು, ಕೊನೆಗೆ ಮಾತು ಬಿಟ್ಟಳು. ಮೂರಕ್ಕೂ ಉತ್ತರ ಒಂದೇ. ಹೀಗೇ ಎಂಟು ತಿಂಗಳು ಕಳೆಯುವಷ್ಟರಲ್ಲಿ ಕೈ ಭುಜದ ಮಟ್ಟಕ್ಕೆ ಬಂದು ಅಲ್ಲೇ ನಿಲ್ಲತೊಡಗಿತು. ಅಂಗಿಯ ತೋಳಿಗೆ ಕೈ ತೂರಿಸಲು ಅಕ್ಕನೇ ಬೇಕು. ಊರಿನವರ ತಲೆಯನ್ನೆಲ್ಲ ಓರಣ ಮಾಡುವ ಮನುಷ್ಯ ತನ್ನ ತಲೆ ಬಾಚಿಸಿಕೊಳ್ಳಲು ಹೆಂಡತಿಯ ಮುಂದೆ ಸ್ಟೂಲಿನ ಮೇಲೆ ಕೂರಬೇಕಾಯಿತು. ಆಗ ಹೋದರು ಆಸ್ಪತ್ರೆಗೆ.

ಅಲ್ಲಿ ವ್ಯಾಯಾಮ ಹೇಳಿಕೊಡುವ ಹುಡುಗಿ ನಿಧಾನವಾಗಿ ಎಲ್ಲ ವಿವರಿಸಿದಳು. ಭುಜ ಬಿಗಿದುಕೊಂಡಿದೆ, ಗೋಡೆಗೆ ಮುಖಮಾಡಿ ನಿಂತು ಬೆರಳುಗಳನ್ನು ಒಂದೊಂದಾಗಿ ಮೇಲಕ್ಕೆ ನಡೆಸಬೇಕು, ದಿನಕ್ಕೆ ಮೂರು ಹೊತ್ತು, ಹೊತ್ತಿಗೆ ಹತ್ತು ಸಲ. ಮೂರು ನಾಲ್ಕು ತಿಂಗಳು ಬಿಡದೆ ಮಾಡಿದರೆ ಕೈ ಬರುತ್ತದೆ, ಬಿಟ್ಟರೆ ಎಷ್ಟು ಬರುತ್ತದೋ ತಾನು ಹೇಳಲಾರೆ ಎಂದಳು. ಚಿತ್ರ ಬರೆದ ಒಂದು ಹಾಳೆಯನ್ನೂ ಕೊಟ್ಟಳು. ಭಾವ ಅದನ್ನು ನನ್ನಲ್ಲಿಗೆ ತಂದು, ಹಾಳಾಗದಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದರು. ಆಮೇಲೆ ಅಂಗಡಿಯಲ್ಲಿ ಕ್ಯಾಲೆಂಡರಿನ ಹಿಂದೆ ನೇತುಹಾಕಿದರು. ಐದು ವಾರ ಅದು ಅಲ್ಲಿ ಚೆನ್ನಾಗಿಯೇ ಇತ್ತು.

ಅಷ್ಟರಲ್ಲಿ ಸೀಟು ಇಳಿಯಬಹುದಾದಷ್ಟು ಕೆಳಗಿಳಿದಿತ್ತು. ಅದರ ಮೇಲೂ ಭಾವನ ಕೈಗೆ ನೆತ್ತಿ ಎಟುಕಲೆಂದು ಗಿರಾಕಿಗಳು ಸೊಂಟ ಮುಂದೆ ಜಾರಿಸಿ, ಗದ್ದ ಎದೆಗೆ ಒತ್ತಿ ಕುಗ್ಗಿ ಕೂರುತ್ತಿದ್ದರು. ಪಕ್ಕದ ಕೂದಲು ಒಪ್ಪವಾಗಿ ಇಳಿಯುತ್ತಿತ್ತು, ನೆತ್ತಿಯದು ಮಾತ್ರ ಹುಲುಸಾಗಿ ನಿಲ್ಲುತ್ತಿತ್ತು. ಇಡೀ ಬೀದಿಯ ಗಂಡಸರು ಹಾಗೇ ಓಡಾಡುವುದನ್ನು ನೋಡಿ ಕಾಲೇಜು ಹುಡುಗರಿಬ್ಬರು ಅದೇ ಸ್ಟೈಲ್ ಬೇಕೆಂದು ಬಂದರು. ನಾನು ಬಿದ್ದು ಬಿದ್ದು ನಕ್ಕೆ. ಭಾವನಿಗೆ ನಗು ಬರಲಿಲ್ಲ.

ಒಂದು ದಿನ ರಿಟೈರಾದ ಪೋಸ್ಟ್‌ಮಾಸ್ಟರು ಸೀಟಿನಲ್ಲಿದ್ದರು. ಅರ್ಧ ತಲೆ ಮುಗಿದಿತ್ತು, ಅಷ್ಟರಲ್ಲಿ ಕೈ ಸೋತು ಕೆಳಗೆ ಬಿತ್ತು. ಭಾವ ಎಡಗೈಯಿಂದ ಬಲಗೈಯನ್ನು ಎತ್ತಿ ನೋಡಿದರು, ಕತ್ತರಿ ಬದಲಾಯಿಸಿ ನೋಡಿದರು, ಬಿಸಿನೀರಿನ ಟವೆಲ್ ಹಾಕಿ ನೋಡಿದರು. ಪೋಸ್ಟ್‌ಮಾಸ್ಟರು ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಇಪ್ಪತ್ತು ನಿಮಿಷ ಕಾದರು. ಪಾಪ, ಒಳ್ಳೆಯ ಮನುಷ್ಯ, ಪರವಾಗಿಲ್ಲ ಎಂದು ಟೋಪಿ ಹಾಕಿಕೊಂಡು ಎದ್ದುಹೋದರು. ಭಾವ ಅಂಗಡಿ ಮುಚ್ಚಿ ಮಧ್ಯಾಹ್ನವೇ ಮನೆಗೆ ಬಂದುಬಿಟ್ಟರು. ಏನಾಯಿತೋ ಎಂದು ನಾನೂ ಹಿಂದೆಯೇ ಹೋದೆ. ಇನ್ನು ತನ್ನಿಂದ ಆಗುವುದಿಲ್ಲ, ನಾಲ್ಕು ತಿಂಗಳು ನೋಡಿ ಅಂಗಡಿಯನ್ನು ಬೇರೆಯವರಿಗೆ ಬಿಟ್ಟುಕೊಡುತ್ತೇನೆ ಎಂದು ಗೋಡೆ ನೋಡುತ್ತ ಹೇಳಿದರು. ಬೇರೆ ಯಾವ ಕೆಲಸವೂ ಗೊತ್ತಿಲ್ಲದ ಮನುಷ್ಯ.

ಅಕ್ಕ ಸಮಾಧಾನವನ್ನೇನೂ ಹೇಳಲಿಲ್ಲ. ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತದೆ ಹೇಳಿದಳು: "ಸೀಟಲ್ಲಿ ಕೂತೋರ್ನ ನೀವು ಯಾವತ್ತೂ ಕಾಯಿಸಿದೋರಲ್ಲ ರೀ. ಕಾಯೋದೆಲ್ಲ ಸೀಟಲ್ಲಿ ಕೂರದೇ ಇರೋರು. ಆ ನಲ್ಲಿ, ಈ ಕೈ, ನಾನು."

ಮಾರನೆಯ ಬೆಳಗ್ಗೆ ನಾನು ಶಟರ್ ಎತ್ತುವಾಗ ಪಕ್ಕದ ಅಂಗಡಿಯ ಸೀಟಿನಲ್ಲಿ ಯಾರೋ ಕೂತಿದ್ದರು. ಬಗ್ಗಿ ನೋಡಿದರೆ ಮನುಷ್ಯರಲ್ಲ, ಲ್ಯಾಮಿನೇಷನ್ ಮಾಡಿದ ಆ ಹಾಳೆ. ಸೀಟಿನ ಬೆನ್ನಿಗೆ ಒರಗಿಸಿ, ಕೆಳಗೆ ಬಿಳಿ ಬಟ್ಟೆಯನ್ನು ಅಚ್ಚುಕಟ್ಟಾಗಿ ಕಟ್ಟಿದ್ದರು. ಬೆಂಚಿನ ಮೇಲಿದ್ದ ಇಬ್ಬರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಭಾವ ಗೋಡೆಗೆ ಎದುರಾಗಿ ನಿಂತು, ಹಲ್ಲು ಕಚ್ಚಿ ಬೆರಳುಗಳನ್ನು ಮೇಲಕ್ಕೆ ನಡೆಸುತ್ತಿದ್ದರು. ಹಾಳೆಗೆ ಶೇವಿಂಗೂ ಉಂಟೋ ಎಂದು ನಾನು ಕಾಲೆಳೆದೆ. ಅವರು ತಿರುಗದೆಯೇ, "ಇವರ ಸರದಿ ಮುಗೀಲಿ, ಆಮೇಲೆ ನಿನ್ನ ಹತ್ರ ಮಾತು" ಎಂದರು. ಅವರ ಬಾಯಲ್ಲಿ ಆಮೇಲೆ ಎನ್ನುವ ಮಾತಿಗೆ ಅಷ್ಟು ತೂಕ ಇದ್ದದ್ದನ್ನು ನಾನು ಮೊದಲ ಬಾರಿಗೆ ಕೇಳಿದೆ.

ಅಂದಿನಿಂದ ಹಾಳೆಯೂ ಒಬ್ಬ ಗಿರಾಕಿಯಾಯಿತು. ಬೆಳಗ್ಗೆ ಮೊದಲ ಸರದಿ ಅದರದು, ಊಟಕ್ಕೆ ಮುಂಚೆ ಒಂದು, ಸಂಜೆ ಒಂದು. ಅದು ಸೀಟಿನಲ್ಲಿದ್ದಾಗ ಊರಿನ ಗೌಡನೇ ಬಂದರೂ ಬೆಂಚಿನಲ್ಲಿ ಕೂರಬೇಕು. ಕಾಯುವವರಿಗೂ ಬೇರೇನು ಕೆಲಸ, ಗಟ್ಟಿಯಾಗಿ ಎಣಿಸತೊಡಗಿದರು. ಏಳಕ್ಕೆ ನಿಲ್ಲಿಸಿದರೆ ಬಿಡುತ್ತಿರಲಿಲ್ಲ. ನೋವಿಗೆ ಭಾವನ ಕಣ್ಣಲ್ಲಿ ನೀರು ಬರುವುದು ಕನ್ನಡಿಯಲ್ಲಿ ಕಾಣುತ್ತಿತ್ತು. ಆಗ ಎಲ್ಲರೂ ಪೇಪರು ಓದುವವರಂತೆ ತಲೆ ತಗ್ಗಿಸುತ್ತಿದ್ದರು. ಬೆರಳು ಮುಟ್ಟಿದ ಕಡೆ ಪೆನ್ಸಿಲಿನಿಂದ ಗೆರೆ ಎಳೆಯುವುದು ರೂಢಿಯಾಯಿತು. ಮೊದಲ ತಿಂಗಳು ಗೆರೆಗಳು ಒಂದರ ಮೇಲೊಂದು ಬಿದ್ದು ದಪ್ಪಗಾದವೇ ಹೊರತು ಮೇಲೇರಲಿಲ್ಲ. ಆಗೊಮ್ಮೆ ನಾಲ್ಕು ದಿನ ಪೂರಾ ಬಿಟ್ಟುಬಿಟ್ಟರು. ಆರಂಭಶೂರತನ ಮುಗಿಯಿತು ಎಂದು ನಾನು ಅಕ್ಕನೆದುರು ಆಡಿಕೊಂಡೆ. ಐದನೆಯ ದಿನ ಅವರು ಏನೂ ಆಗಿಲ್ಲವೆಂಬಂತೆ ಹಾಳೆಗೆ ಮತ್ತೆ ಬಟ್ಟೆ ಕಟ್ಟಿದರು. ಶಪಥ ಇಲ್ಲ, ಭಾಷಣ ಇಲ್ಲ. ನನ್ನ ಮಾತಿಗೆ ನನಗೇ ನಾಚಿಕೆಯಾಯಿತು. ಶುರು ಮಾಡುವವರನ್ನು ಬೇಕಾದಷ್ಟು ನೋಡಿದ್ದೇನೆ, ನಾನೇ ಅಂಥವನು. ಬಿಟ್ಟದ್ದನ್ನು ಹೀಗೆ ಸದ್ದಿಲ್ಲದೆ ಮತ್ತೆ ಹಿಡಿದವರು ನನ್ನ ಕಣ್ಣಿಗೆ ಬಿದ್ದದ್ದು ಕಡಿಮೆ.

ಸೀಟಿನ ರುಚಿ ಹತ್ತಿದ ಮೇಲೆ ಮಿಕ್ಕ ಕೆಲಸಗಳೂ ಒಂದೊಂದಾಗಿ ಬಂದು ಕೂತವು. ಹೊಸ ನಲ್ಲಿ ಕೂತಿತು, ಬಲ್ಬು ಕೂತಿತು. ಬೂಟು ಡಬ್ಬಿಯ ಸಮೇತ ಬಂದು ಕೂತ ದಿನ ಅದನ್ನು ಕಾಲಿಗೆ ಹಾಕಿಕೊಂಡು, ಅಕ್ಕನನ್ನೂ ಕರೆದುಕೊಂಡು ಕೆರೆಯ ದಾರಿಯಲ್ಲಿ ಒಂದು ಸುತ್ತು ಹೋಗಿ ಬಂದರು. ಅಕ್ಕನ ಮುಖ ಅವತ್ತು ನೋಡಬೇಕಿತ್ತು. ಗೋಡೆಯ ಗೆರೆಗಳೂ ನಿಧಾನವಾಗಿ ಏರಿದವು. ಆದರೆ ಬರೀ ಗೋಡೆಯ ಮೇಲೆ ಬೆರಳು ಓಡಿಸುವುದು ಬೇರೆ, ಕತ್ತರಿ ಹಿಡಿದು ಅರ್ಧ ಗಂಟೆ ನೆತ್ತಿಯ ಮೇಲೆ ಕೈ ನಿಲ್ಲಿಸುವುದು ಬೇರೆ. ಅದನ್ನು ಪರೀಕ್ಷಿಸಿ ನೋಡಲು ಭಾವನಿಗೆ ಧೈರ್ಯವಿರಲಿಲ್ಲ, ಗಿರಾಕಿಗಳೂ ಅಭ್ಯಾಸಬಲದಿಂದ ಕುಗ್ಗಿಯೇ ಕೂರುತ್ತಿದ್ದರು. ಅಂಗಡಿ ಬಿಟ್ಟುಕೊಡಲು ಭಾವ ಹೇಳಿದ್ದ ನಾಲ್ಕು ತಿಂಗಳ ಗಡುವಿಗೆ ಎಂಟು ದಿನ ಉಳಿದಿತ್ತು.

ಆ ಶನಿವಾರ ಬೆಂಚು ತುಂಬಿತ್ತು, ನಾನೂ ಅಲ್ಲೇ ಗೋಡೆಗೊರಗಿ ನಿಂತಿದ್ದೆ. ಯಾರೋ ಹೊಸಬ, ಲಾರಿ ಡ್ರೈವರು, ಬಾಗಿಲಲ್ಲಿ ತಲೆ ತಗ್ಗಿಸಿ ಒಳಗೆ ಬಂದ. ಅಷ್ಟು ಉದ್ದದ ಆಳು. ಅವನ ಸರದಿ ಬಂದಾಗ ಸೀಟಿನಲ್ಲಿ ಕಂಬದ ಹಾಗೆ ನೆಟ್ಟಗೆ ಕೂತ. ಸ್ವಲ್ಪ ಕೆಳಗೆ ಜಾರಿ ಕೂತುಕೊಳ್ಳಿ ಎಂದು ಮೆಲ್ಲಗೆ ಹೇಳಲು ಹೋದೆ.

"ಸುಮ್ನಿರಯ್ಯ," ಎಂದರು ಭಾವ. "ಅವರು ಆರಾಮಾಗಿ ಕೂತ್ಕೊಳ್ಳಲಿ."

ಪಕ್ಕದ ಕೂದಲು ಮುಗಿಯಿತು. ಬಲಗೈ ಎದ್ದಿತು, ಕಿವಿಯ ಮಟ್ಟದಲ್ಲಿ ಒಂದು ಕ್ಷಣ ತಡೆದು ನಿಂತಿತು, ಮತ್ತೆ ಮೇಲೇರಿತು. ನೆತ್ತಿಯ ಮೇಲೆ ಕತ್ತರಿ ಆಡುವ ಸದ್ದು ಕೇಳಿಸಿತು. ಎರಡು ಸಲ ಕೈ ಇಳಿಸಿ ಬೆವರೊರೆಸಿಕೊಂಡರು, ಎರಡು ಸಲವೂ ತಾವಾಗಿಯೇ ಎತ್ತಿದರು. ಮುಗಿಸಿ, ಹಿಂದಿನಿಂದ ಚಿಕ್ಕ ಕನ್ನಡಿ ಹಿಡಿದು ತೋರಿಸಿದರು.

ಇದೇನೂ ಗೊತ್ತಿಲ್ಲದ ಡ್ರೈವರು ತಲೆಯ ಮೇಲೆ ಕೈಯಾಡಿಸಿಕೊಂಡು ಹೇಳಿದ: "ಮೇಲ್ಗಡೆ ಇನ್ನೂ ಸ್ವಲ್ಪ ಚಿಕ್ಕದು ಮಾಡ್ಬಿಡಿ."

ಭಾವ ಕನ್ನಡಿಯಲ್ಲಿ ನನ್ನನ್ನು ನೋಡಿ ನಕ್ಕರು. ಮಾಡೋಣ, ಅದಕ್ಕೇನಂತೆ ಎಂದು ಬಲಗೈಯನ್ನು ಮತ್ತೆ ಆ ನೆತ್ತಿಯ ಮೇಲಕ್ಕೆ ಎತ್ತಿದರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಕ್ಕನಿಗೆ ಫೋನು ಮಾಡಲು ಹೊರಗೆ ಬಂದೆ.