ಡಬ್ಬದಲ್ಲಿ ಇದ್ದಷ್ಟೇ

ಅತ್ತೆಗೆ ಎಪ್ಪತ್ತೆಂಟು ವರ್ಷ. ಸಂಗೀತ ಕಲಿತವರಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಆದರೂ ಊರಿನ ಅಂಚಿನಲ್ಲಿರುವ ಸಣ್ಣ ಕಾರ್ಖಾನೆಯೊಂದರಿಂದ ಕಳೆದ ಹತ್ತೊಂಬತ್ತು ವರ್ಷಗಳಲ್ಲಿ ಹೊರಬಂದ ಹದಿನಾಲ್ಕು ಬಗೆಯ ಎಲೆಕ್ಟ್ರಾನಿಕ್ ವಾದ್ಯಗಳಲ್ಲಿ ಒಂದೂ ಅವರ ಅಡುಗೆಮನೆಯ ಮೇಜನ್ನು ದಾಟದೆ ಅಂಗಡಿಗೆ ಹೋಗಿದ್ದಿಲ್ಲ.

ಇದಕ್ಕೆ ಕಾರಣ ಸೊಸೆ. ಅವಳು ಆ ಕಾರ್ಖಾನೆಯಲ್ಲಿ ಕೈಪಿಡಿ ಬರೆಯುವವಳು. ವಾದ್ಯದ ಜೊತೆ ಡಬ್ಬದಲ್ಲಿ ಬರುವ, ಹೆಚ್ಚಿನವರು ಓದದೆ ಡ್ರಾಯರಿಗೆ ಸೇರಿಸುವ ಆ ತೆಳ್ಳನೆಯ ಪುಸ್ತಕ ಅವಳದ್ದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಭಾನುವಾರ, ಬರೆದದ್ದನ್ನು ತನಗೆ ತಾನೇ ಗಟ್ಟಿಯಾಗಿ ಓದಿಕೊಳ್ಳುತ್ತಿದ್ದಳು. ತರಕಾರಿ ಹೆಚ್ಚುತ್ತಿದ್ದ ಅತ್ತೆ ಚಾಕು ನಿಲ್ಲಿಸಿ ಕೇಳಿದರು:

"ಇದೆಲ್ಲ ಗೊತ್ತಿರೋರಿಗೆ ಹೇಳ್ತಿದೀಯ. ಗೊತ್ತಿಲ್ಲದೋರಿಗೆ ಯಾವ ಪುಟದಲ್ಲಿ ಹೇಳ್ತೀಯ?"

ಸೊಸೆಗೆ ಮುಖಕ್ಕೆ ನೀರು ಎರಚಿದ ಹಾಗಾಯಿತು. ಮರುವಾರ ವಾದ್ಯವನ್ನೇ ಮನೆಗೆ ತಂದು ಅತ್ತೆಯ ಮುಂದಿಟ್ಟಳು. ಅಂದಿನಿಂದ ಪರೀಕ್ಷೆಗೆ ಮೂರು ನಿಯಮ. ಶುರು ಮಾಡುವಾಗ ಡಬ್ಬ ಮುಚ್ಚಿಯೇ ಇರಬೇಕು. ಅತ್ತೆ ಕೈಪಿಡಿ ಓದುತ್ತ ಮಾಡುವಾಗ ಯಾರೂ ತುಟಿ ಬಿಚ್ಚಬಾರದು. ಎಲ್ಲಿ ಮುಂದೆ ಹೋಗಲು ಆಗುವುದಿಲ್ಲವೋ ಅಲ್ಲಿ ಅತ್ತೆ ತಮ್ಮ ನೋಟ್‌ಬುಕ್ಕಿನಲ್ಲಿ ಬರೆದು ನಿಲ್ಲಿಸಬೇಕು. "ಸಾಲು 7: ಎಡಗಡೆ ಅಂದರೆ ಯಾರ ಎಡಗಡೆ? ನಿಂತೆ." ಇಂಥ ಸಾಲುಗಳಿಂದ ಎರಡು ನೋಟ್‌ಬುಕ್ ತುಂಬಿದ್ದವು, ಮೂರನೆಯದು ನಡೆಯುತ್ತಿತ್ತು.

ಹೇಳಿದ್ದನ್ನು ಹೇಳಿದಷ್ಟೇ ಮಾಡುವುದು ಅತ್ತೆಗೆ ರಕ್ತದಲ್ಲಿ ಬಂದದ್ದಲ್ಲ, ನೌಕರಿಯಲ್ಲಿ ಬಂದದ್ದು. ಮೂವತ್ತೊಂದು ವರ್ಷ ಅವರು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದರು. ಕಿವಿಗೆ ಬಿದ್ದ ನಂಬರನ್ನೇ ಜೋಡಿಸಬೇಕು, ಊಹೆ ಕೂಡದು. ಕೊನೆಗೆ ಯಂತ್ರ ಬಂದು ಕರೆ ಜೋಡಿಸುವ ಅವರ ಬೋರ್ಡನ್ನು ತೆಗೆದುಹಾಕಿದಾಗ ವೈರುಗಳನ್ನು ಸುತ್ತಿ ಕೊಟ್ಟವರೂ ಅವರೇ. ಆ ಬಗ್ಗೆ ಎಳ್ಳಷ್ಟೂ ಸಿಟ್ಟಿಲ್ಲ. "ಬಂದಿದ್ದು ಒಳ್ಳೇದೇ ಆಯ್ತು. ಆ ಕುರ್ಚೀಲಿ ಕೂತು ಕೂತು ನನ್ನ ಸೊಂಟದ ಕಥೆ ಮುಗಿದಿತ್ತು" ಎನ್ನುತ್ತಾರೆ. ಯಂತ್ರ ಕಂಡರೆ ಮೂಗು ಮುರಿಯುವ ಜನ ಅವರಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು.

ಪರೀಕ್ಷೆ ಮುಗಿದ ಮೇಲೆ ಸ್ವರ ಬರುವ ಪ್ರತಿಯೊಂದು ವಾದ್ಯದಲ್ಲೂ ಅತ್ತೆ ನುಡಿಸುವುದು ಒಂದನ್ನೇ. ಹನ್ನೊಂದು ಸ್ವರಗಳ ಒಂದು ತುಣುಕು. ಮಾವ ಇದ್ದಾಗ ಕನ್ನಡಿಯ ಮುಂದೆ ನಿಂತು ಗಡ್ಡ ಹೆರೆದುಕೊಳ್ಳುತ್ತ ಶಿಳ್ಳೆ ಹಾಕುತ್ತಿದ್ದುದು ಅದನ್ನೇ. ಅವರು ಹೋಗಿ ಆರು ವರ್ಷವಾಯಿತು. ಮೊದಲ ವಾದ್ಯ ಇನ್ನೂ ಫ್ರಿಜ್ಜಿನ ಮೇಲಿದೆ. ಸ್ವಿಚ್ ಹಾಕಿದರೆ ಇವತ್ತಿಗೂ ಹಾಡುತ್ತದೆ. ಅದರಲ್ಲಿ ತಿರುಗಿಸುವ ಹನ್ನೆರಡು ನಾಬ್‌ಗಳಿವೆ, ಬೆಂಕಿಪೊಟ್ಟಣದಷ್ಟು ಪರದೆಯಿದೆ. ಆದರೆ ಶಿಳ್ಳೆಗೆ ಹತ್ತಿರದ ದನಿ ಅದರಲ್ಲಿ ಬರುವುದಿಲ್ಲ.

ಹದಿನೈದನೆಯ ವಾದ್ಯ ಬಂದದ್ದು ಒಂದು ಭಾನುವಾರ ಬೆಳಿಗ್ಗೆ. ಅಂಗೈ ಅಗಲ, ಮೊಳದುದ್ದ, ಹಾರ್ಮೋನಿಯಂನಂಥ ಇಪ್ಪತ್ತೈದು ಕೀ, ಮೇಲೆ ನಾಲ್ಕೇ ನಾಬ್. ಪರದೆಯಿಲ್ಲ. ದನಿ ಹೇಗೆ ಶುರುವಾಗಬೇಕು, ಎಷ್ಟು ಹೊತ್ತು ಉಳಿಯಬೇಕು, ಹೇಗೆ ಆರಬೇಕು ಎಂಬುದನ್ನೆಲ್ಲ ಕಂಪ್ಯೂಟರಿನಲ್ಲಿ ಬದಲಾಯಿಸಿ ಕೇಬಲ್ ಮೂಲಕ ವಾದ್ಯದ ಪೆಟ್ಟಿಗೆಗೆ ಕಳಿಸಬೇಕು. ಅತ್ತೆ ಕನ್ನಡಕ ಏರಿಸಿದರು. ಮೇಜಿನ ಒಂದು ಕಡೆ ಉಪ್ಪಿನ ಡಬ್ಬ, ಇನ್ನೊಂದು ಕಡೆ ನೋಟ್‌ಬುಕ್. ಕೈಪಿಡಿ ತೆರೆದು ಒಂದನೆಯ ಸಾಲನ್ನು ಓದಿದರು. ಮತ್ತೆ ಓದಿದರು. ಡಬ್ಬದೊಳಗೆ ಇಣುಕಿದರು, ತಲೆಕೆಳಗೆ ಮಾಡಿ ಅಲ್ಲಾಡಿಸಿದರು. ಪೆನ್ಸಿಲ್ ತೆಗೆದುಕೊಂಡು ಬರೆದರು:

"ಸಾಲು 1: ಕಂಪ್ಯೂಟರ್ ಆನ್ ಮಾಡಿ ಅಂತಿದೆ. ಡಬ್ಬದಲ್ಲಿ ಕಂಪ್ಯೂಟರ್ ಇಲ್ಲ. ನಿಂತೆ."

"ಅತ್ತೆ, ನಾಳೆ ಆಫೀಸಿಂದ ಲ್ಯಾಪ್‌ಟಾಪ್ ತರ್ತೀನಿ."

"ಕೊಂಡೋರ ಮನೆಗೆಲ್ಲ ತಗೊಂಡ್ಹೋಗಿ ಕೊಡ್ತೀಯಾ?"

"ಇಲ್ಲ."

"ಹಾಗಾದ್ರೆ ಅದು ಪರೀಕ್ಷೆ ಅಲ್ಲ, ಟ್ಯೂಷನ್ನು."

ಪತ್ರಿಕೆಯ ಹಿಂದಿನಿಂದ ಗಂಡ ನಕ್ಕ. "ಅಮ್ಮ, ಈಗ ಎಲ್ರ ಮನೇಲೂ ಕಂಪ್ಯೂಟರ್ ಇರುತ್ತೆ."

"ನಮ್ಮನೇಲಿ ಇದೆಯೇನೋ?"

ಗಂಡ ಪತ್ರಿಕೆಯೊಳಕ್ಕೆ ವಾಪಸ್ ಹೋದ.

ಸೋಮವಾರ ಸೊಸೆ ಪರದೆ ಯಾಕಿಲ್ಲ ಎಂದು ಕೇಳಲು ಮುಖ್ಯ ಇಂಜಿನಿಯರನ ಮುಂದೆ ಕೂತಳು. ಎಲ್ಲವನ್ನೂ ಅಳೆದೇ ಮಾತಾಡುವ ಇವನಿಗೆ ಕಾರ್ಖಾನೆಯವರೆಲ್ಲ ಇಟ್ಟ ಹೆಸರು ಮಿಲಿಮೀಟರ್. ಸೊಸೆಗಿಂತ ಎಂಟು ವರ್ಷ ಚಿಕ್ಕವನು, ಅವಳನ್ನು ಅಕ್ಕ ಎನ್ನುತ್ತಾನೆ. ಅವನ ಲೆಕ್ಕದಲ್ಲಿ ತಪ್ಪು ಹುಡುಕುವುದು ಕಷ್ಟ.

"ಅಕ್ಕಾ, ರಿಪೇರಿಗೆ ಬರೋ ನೂರರಲ್ಲಿ ಅರವತ್ತಮೂರು ಪರದೆ ಹೋಗಿರೋದು, ನಾಬ್ ಸವೆದಿರೋದು. ಇಲ್ಲದೇ ಇರೋದು ಕೆಡಲ್ಲ. ತೂಕ ಅರ್ಧ ಆಯ್ತು. ಕಂಪ್ಯೂಟರಿನ ದೊಡ್ಡ ಪರದೇಲಿ ಎಲ್ಲ ಒಟ್ಟಿಗೇ ಕಾಣುತ್ತೆ. ಇದು ತಪ್ಪಾ?"

"ತಪ್ಪಲ್ಲ. ಒಂಬತ್ತು ವರ್ಷದ ಹಿಂದೆ ಒಂದು ತಾಳದ ಪೆಟ್ಟಿಗೆ ಮಾಡಿದ್ವಲ್ಲ, ಅದಕ್ಕೆ ಹೊಸ ತಾಳ ಸೇರಿಸೋ ಪ್ರೋಗ್ರಾಂ ಈಗ ಯಾವ ಕಂಪ್ಯೂಟರ್‌ನಲ್ಲಿ ಓಡುತ್ತೆ?"

ಮಿಲಿಮೀಟರ್ ಪೆನ್ನಿನ ಮುಚ್ಚಳ ತೆಗೆದು ಮತ್ತೆ ಹಾಕಿದ. "ಯಾವುದರಲ್ಲೂ ಓಡಲ್ಲ."

"ಪೆಟ್ಟಿಗೆ?"

"ಪೆಟ್ಟಿಗೆ ಚೆನ್ನಾಗೇ ಇದೆ."

"ಅದೇ ನಾನು ಹೇಳ್ತಿರೋದು. ಪೆಟ್ಟಿಗೆ ಇಪ್ಪತ್ತು ವರ್ಷ ಬಾಳುತ್ತೆ, ಅದರ ಪ್ರೋಗ್ರಾಂ ಆರು ವರ್ಷ ಬಾಳಲ್ಲ. ಉಳಿದ ಹದಿನಾಲ್ಕು ವರ್ಷಕ್ಕೆ ನಾನು ಕೈಪಿಡೀಲಿ ಏನು ಬರೀಲಿ?"

"ಪರದೆ ಸೇರಿಸೋಕೆ ಈಗ ಆಗಲ್ಲ ಅಕ್ಕಾ, ಪೆಟ್ಟಿಗೆಯ ಅಚ್ಚು ಹೊಡೆದಾಗಿದೆ. ಮುಂದಿನ ಸೋಮವಾರ ಕೈಪಿಡಿ ಪ್ರಿಂಟಿಗೆ ಹೋಗ್ಬೇಕು." ಮೆಲ್ಲಗೆ ಸೇರಿಸಿದ. "ಇನ್ಮೇಲೆ ಬರೋದೆಲ್ಲ ಹೀಗೇ ಇರುತ್ತೆ. ಪರೀಕ್ಷೆ ಇಲ್ಲೇ ಆಫೀಸಲ್ಲಿ, ಕಂಪ್ಯೂಟರ್ ಮುಂದೆ ಮಾಡಿಸೋಣ. ಅಜ್ಜಿಗೂ ವಯಸ್ಸಾಯ್ತು, ವಿಶ್ರಾಂತಿ ಕೊಡಿ."

ಪ್ರೀತಿಯಿಂದಲೇ ಹೇಳಿದ ಮಾತು. ಆದರೆ ಸೊಸೆಯ ಕಣ್ಣಿಗೆ ಮೂರನೆಯ ನೋಟ್‌ಬುಕ್ಕಿನ ಖಾಲಿ ಹಾಳೆಗಳು ಕಾಣಿಸಿದವು. ಭಾನುವಾರ ಬೆಳಿಗ್ಗೆ ಮೇಜು ಒರೆಸಿ, ಪೆನ್ಸಿಲ್ ಚೂಪು ಮಾಡಿಕೊಂಡು ಕೂರುವ ಅತ್ತೆಗೆ ಇನ್ನು ಕೆಲಸವಿಲ್ಲ ಎಂದು ಯಾವ ಬಾಯಲ್ಲಿ ಹೇಳುವುದು?

ಹೇಳಲಿಲ್ಲ. ಲ್ಯಾಪ್‌ಟಾಪನ್ನೇ ಮನೆಗೆ ತಂದಳು.

ಟ್ಯೂಷನ್ನು ಎಂದಿದ್ದರೂ ಅತ್ತೆ ಅದರ ಮುಂದೆಯೂ ನ್ಯಾಯವಾಗಿಯೇ ಕೂತರು. ಮೊದಲ ದಿನ ಬರೆದದ್ದು: "ಸಾಲು 3: ಕಾಯಿರಿ ಅಂತ ಕಂಪ್ಯೂಟರ್ ಹೇಳಿತು. ಎಷ್ಟು ಹೊತ್ತು ಅಂತ ಹೇಳಲಿಲ್ಲ. ಅನ್ನಕ್ಕಿಟ್ಟು ಬಂದೆ." ಎರಡನೆಯ ದಿನ: "ಸಾಲು 5: ನನ್ನ ಹುಟ್ಟಿದ ದಿನ ಕೇಳಿತು. ಶಿಳ್ಳೆಗೂ ಅದಕ್ಕೂ ಏನು ಸಂಬಂಧ?" ಮೂರನೆಯ ದಿನ, ಬುಧವಾರ ಸಂಜೆ, ಸೊಸೆ ಬಾಗಿಲು ತೆರೆದಾಗ ಒಳಗೆ ಯಾರೋ ಶಿಳ್ಳೆ ಹಾಕುತ್ತಿದ್ದರು. ಅವಳು ಚಪ್ಪಲಿ ಬಿಡುವುದನ್ನೂ ಮರೆತು ನಿಂತಳು. ಹನ್ನೊಂದು ಸ್ವರ. ತೆಳ್ಳಗೆ, ಒಂಚೂರು ಗಾಳಿ ಬೆರೆತ ದನಿ.

"ಸಿಕ್ತಾ ಅತ್ತೆ?"

"ಸಿಗೋ ಹಾಗಿದೆ." ಅತ್ತೆಯ ಮುಖ ಕೆಂಪಾಗಿತ್ತು. "ಈ ಕಂಪ್ಯೂಟರ್‌ನಲ್ಲಿ ಒಳ್ಳೇದೂ ಇದೆ, ಎಲ್ಲ ಕಣ್ಣಿಗೆ ಕಾಣುತ್ತೆ. ನೋಟ್‌ಬುಕ್ಕಲ್ಲಿ ಅದನ್ನೂ ಬರೆದಿದೀನಿ."

ಗುರುವಾರ ಲ್ಯಾಪ್‌ಟಾಪ್ ಆಫೀಸಿಗೆ ಹಿಂದಿರುಗಿತು. ಸಂಜೆ ಅತ್ತೆ ಪೆಟ್ಟಿಗೆಯ ಮುಂದೆ ಕೈ ಕಟ್ಟಿ ಕೂತಿದ್ದರು.

"ಬಾಲ ಉದ್ದ ಆಯ್ತು" ಎಂದರು. "ಕೀ ಬಿಟ್ಟ ಮೇಲೂ ದನಿ ಎಳೀತಾನೇ ಇರುತ್ತೆ. ಅವ್ರು ಇಷ್ಟುದ್ದ ಎಲ್ಲಿ ಎಳೀತಿದ್ರು? ಮುಂದಿನ ಹಲ್ಲಲ್ಲಿ ಸಂದಿ ಇತ್ತಲ್ಲ, ಗಾಳಿ ಬೇಗ ಸೋರಿಹೋಗ್ತಿತ್ತು. ಒಂಚೂರು ಕತ್ತರಿಸ್ಬೇಕು, ಅಷ್ಟೇ. ಹೇಗೆ?"

"ಅದಕ್ಕೆ ಮತ್ತೆ ಲ್ಯಾಪ್‌ಟಾಪ್ ಬೇಕು ಅತ್ತೆ."

"ದನಿ ಇರೋದು ಇದರೊಳಗೆ ತಾನೇ? ಇದು ನಮ್ಮನೇಲೇ ಇದೆಯಲ್ಲ?"

ಅತ್ತೆ ಪೆಟ್ಟಿಗೆಯ ಬೆನ್ನು ಸವರುತ್ತ ಇನ್ನೊಂದು ಪ್ರಶ್ನೆ ಕೇಳಿದರು.

"ಎಕ್ಸ್‌ಚೇಂಜಲ್ಲಿ ಬೋರ್ಡ್ ರಿಪೇರಿ ಮಾಡೋಕೆ ಬರ್ತಿದ್ರಲ್ಲ, ಅವ್ರು ಯಾರಿಗೂ ಫೋನ್ ಮಾಡ್ದೇನೇ ಲೈನ್ ಸರಿ ಇದೆಯಾ ಅಂತ ನೋಡ್ತಿದ್ರು. ಅವ್ರದ್ದೇ ಒಂದು ದಾರಿ ಇತ್ತು. ನಿಮ್ಮ ಕಾರ್ಖಾನೇಲಿ ಇದನ್ನ ತಯಾರಾದ ಮೇಲೆ ಯಾರೋ ನೋಡ್ಬೇಕಲ್ಲ? ಅವ್ರ ಹತ್ರ ಕಂಪ್ಯೂಟರ್ ಇದೆಯಾ?"

ಸೊಸೆ ಹತ್ತೊಂಬತ್ತು ವರ್ಷ ಪೆಟ್ಟಿಗೆಗಳನ್ನು ಪರೀಕ್ಷಿಸುವ ಕೋಣೆಯ ಮುಂದೆ ದಿನಾ ನಡೆದಿದ್ದಾಳೆ. ಇದನ್ನು ಮಾತ್ರ ಕೇಳಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಬ್ಯಾಗು ಇಡುವ ಮೊದಲೇ ಕೆಳಮಹಡಿಯ ಆ ಕೋಣೆಗೆ ಹೋದಳು. ಅಲ್ಲಿ ಉದ್ದನೆಯ ಮರದ ಬೆಂಚು, ಬೆಸುಗೆಯ ವಾಸನೆ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡ ಒಬ್ಬ ಹೆಂಗಸು. ಇವಳ ಕಿವಿ ಒಪ್ಪದ ಪೆಟ್ಟಿಗೆ ಡಬ್ಬ ಸೇರುವುದಿಲ್ಲವಾದ್ದರಿಂದ ಎಲ್ಲರಿಗೂ ಕಿವಿಯಕ್ಕ. ಬೆಂಚಿನ ಮೇಲೆ ಕಂಪ್ಯೂಟರ್ ಇರಲಿಲ್ಲ.

"ಕಂಪ್ಯೂಟರಾ? ದಿನಕ್ಕೆ ಐವತ್ತು ಪೆಟ್ಟಿಗೆ ನೋಡ್ಬೇಕು. ಅದರ ಮುಂದೆ ಕೂತ್ಕೊಂಡ್ರೆ ಆದ ಹಾಗೇ!" ಎಂದು ಕಿವಿಯಕ್ಕ ನಕ್ಕಳು. ಎಡತುದಿಯ ಎರಡು ಕೀಗಳನ್ನು ಒತ್ತಿ ಹಿಡಿದು ಹಿಂದಿನ ಸ್ವಿಚ್ ಹಾಕಿದಳು. ಪೆಟ್ಟಿಗೆ ಎರಡು ಸಲ ಕೂಗಿತು. "ಈಗ ಒಂದೊಂದು ಕೀ ಒಂದೊಂದು ಗುಣ. ಇದು ದನಿಯ ಶುರು, ಇದು ಬಾಲ. ಕೀ ಒತ್ತಿ ಮೊದಲನೇ ನಾಬ್ ತಿರುಗಿಸು. ಕೊನೇ ಕೀ ಮೂರು ಸೆಕೆಂಡ್ ಒತ್ತಿದ್ರೆ ನೆನಪಲ್ಲಿ ಉಳೀತು. ಆಫ್ ಮಾಡಿ ಆನ್ ಮಾಡಿ, ಉಳಿದಿದೆಯಾ ಅಂತ ಕೇಳ್ತೀನಿ. ಮುಗೀತು."

"ಇದು ಯಾರಿಗೆಲ್ಲ ಗೊತ್ತು?"

"ನನಗೆ ಗೊತ್ತು, ಮಿಲಿಮೀಟರ್‌ಗೆ ಗೊತ್ತು. ಈಗ ನಿನಗೆ."

ಇದನ್ನು ಕೈಪಿಡಿಯಲ್ಲಿ ಬರೆಯುತ್ತೇನೆ ಎಂದಾಗ ಮಿಲಿಮೀಟರ್‌ಗೆ ಮೊದಲು ನಗು ಬಂತು, ಆಮೇಲೆ ಗಾಬರಿ. "ಅದು ಒಳಗಿನೋರಿಗೆ ಇಟ್ಟಿದ್ದು ಅಕ್ಕಾ!"

"ಕೊಂಡೋರು ಹೊರಗಿನೋರಾ?"

"ಹಾಗಲ್ಲ. ಪರದೆ ಇಲ್ಲ, ಎಲ್ಲಿದೀನಿ ಅಂತ ಕಾಣಲ್ಲ. ಜನ ದಾರಿ ತಪ್ತಾರೆ. ದಿನವಿಡೀ ಫೋನ್ ಮಾಡಿ ನನ್ನ ತಲೆ ತಿಂತಾರೆ."

"ದಾರಿ ತಪ್ಪದ ಹಾಗೆ ಬರೆಯೋದು ನನ್ನ ಕೆಲಸ. ಒಂದೇ ಪುಟ. ಕಂಪ್ಯೂಟರಿನ ಪುಟಗಳೂ ಇರಲಿ, ಅದಾದ ಮೇಲೆ."

ಮಿಲಿಮೀಟರ್ ಪೆನ್ನಿನ ಮುಚ್ಚಳ ಟಕ್ಕೆಂದು ಹಾಕಿದ. "ಅಜ್ಜಿ ಆ ಪುಟ ಓದಿ, ಯಾರ ಸಹಾಯಾನೂ ಇಲ್ದೆ ಮಾಡಿದ್ರೆ ಒಪ್ತೀನಿ. ಭಾನುವಾರ ನಾನೇ ಬಂದು ನೋಡ್ತೀನಿ. ಆಗ್ಲಿಲ್ಲ ಅಂದ್ರೆ ಕೈಪಿಡಿ ಈಗಿರೋ ಹಾಗೇ ಪ್ರಿಂಟಿಗೆ, ಪರೀಕ್ಷೆ ಇನ್ಮೇಲೆ ಆಫೀಸಲ್ಲಿ. ಆಯ್ತಾ?"

ಸೊಸೆ ಈ ಒಪ್ಪಂದವನ್ನು ಮನೆಯಲ್ಲಿ ಮುಚ್ಚಿಡಲಿಲ್ಲ. ಅತ್ತೆ ಕೇಳಿ, "ಬರ್ಲಿ. ಮಾತಾಡ್ಬಾರ್ದು ಅಂತ ಮಾತ್ರ ಹೇಳಿರು" ಎಂದರು. ಶನಿವಾರ ಪೂರ್ತಿ ಸೊಸೆ ಆ ಒಂದು ಪುಟವನ್ನು ಏಳು ಸಲ ಬರೆದಳು.

ಭಾನುವಾರ ಹತ್ತು ಗಂಟೆಗೆ ಮಿಲಿಮೀಟರ್ ಬಾಯಿಗೆ ಬೀಗ ಹಾಕಿಕೊಂಡು ಸ್ಟೂಲಿನ ಮೇಲೆ ಕೂತ. ಸೊಸೆ ಸಿಂಕಿಗೆ ಒರಗಿ ನಿಂತಳು. ಅತ್ತೆ ಡಬ್ಬ ತೆರೆದು ಅದೇ ಪೆಟ್ಟಿಗೆಯನ್ನು ಹೊರತೆಗೆದರು, ಕರೆಂಟು ಜೋಡಿಸಿದರು. ಮೂರು ಸಾಲು ಸಲೀಸಾಗಿ ಹೋದವು. ನಾಲ್ಕನೆಯ ಸಾಲು: ಎಡತುದಿಯ ಎರಡು ಕೀಗಳನ್ನು ಒತ್ತಿ ಹಿಡಿದುಕೊಂಡೇ ಹಿಂಭಾಗದ ಸ್ವಿಚ್ ಹಾಕಿ.

ಅತ್ತೆ ಎಡಗೈ ಎತ್ತಿದರು. ಎರಡು ವರ್ಷದ ಹಿಂದೆ ಮುರಿದು ಕೂಡಿಕೊಂಡ ಮಣಿಕಟ್ಟು. ಎರಡು ಬೆರಳು ಕೀಗಳ ಮೇಲೆ ನಿಂತವು, ನಡುಗಿದವು, ಜಾರಿದವು. ಬಲಗೈಯಲ್ಲಿ ಒತ್ತಿದರೆ ಎಡಗೈ ಸ್ವಿಚ್ಚಿನವರೆಗೆ ತಿರುಗುವುದಿಲ್ಲ. ಎರಡನೆಯ ಸಲ, ಮೂರನೆಯ ಸಲ. ಏಳು ಸಲ ಬರೆದವಳಿಗೆ ಈ ಕೈ ಒಮ್ಮೆಯೂ ನೆನಪಾಗಿರಲಿಲ್ಲ. ಪ್ರತಿ ಸಂಜೆ ಅವಳೇ ಎಣ್ಣೆ ಹಚ್ಚುವ ಕೈ.

ಅತ್ತೆ ಪೆನ್ಸಿಲಿನತ್ತ ಕೈ ಚಾಚಿದರು. ಬರೆದರೆ ಮುಗಿಯಿತು: ನಿಂತೆ. ಕೈ ಅರ್ಧ ದಾರಿಯಲ್ಲಿ ನಿಂತಿತು. ಅಲ್ಲಿಂದ ಪಕ್ಕಕ್ಕೆ ಸರಿದು ಉಪ್ಪಿನ ಡಬ್ಬವನ್ನು ಎತ್ತಿ, ಎರಡು ಕೀಗಳ ಮೇಲೆ ಅಡ್ಡಲಾಗಿ ಇಟ್ಟು, ಸ್ವಿಚ್ ಹಾಕಿತು.

ಪೆಟ್ಟಿಗೆ ಎರಡು ಸಲ ಕೂಗಿತು.

"ಅಜ್ಜೀ, ಅದು..." ಎಂದುಬಿಟ್ಟ ಮಿಲಿಮೀಟರ್.

"ಬೆರಳಿಂದಾನೇ ಒತ್ತಿ ಅಂತ ಬರೆದಿಲ್ಲ" ಎಂದರು ಅತ್ತೆ, ತಲೆ ಎತ್ತದೆ. "ಮಾತಾಡ್ಬೇಡ."

ಉಪ್ಪಿನ ಡಬ್ಬ ತೆಗೆದು, ಬಾಲಕ್ಕೆಂದಿದ್ದ ಆರನೆಯ ಕೀ ಒತ್ತಿ ಮೊದಲ ನಾಬನ್ನು ಕೂದಲೆಳೆಯಷ್ಟು ಹಿಂದಕ್ಕೆ ತಿರುಗಿಸಿದರು. ಕೇಳಿದರು. ಇನ್ನೂ ಒಂದು ಎಳೆ. ಕೊನೆಯ ಕೀ ಒತ್ತಿ, ತುಟಿಯಲ್ಲೇ ಮೂರು ಎಣಿಸಿದರು. ಆಫ್. ಆನ್. ಆಮೇಲೆ ನುಡಿಸಿದರು. ಹನ್ನೊಂದು ಸ್ವರ, ಕೊನೆಯದು ಥಟ್ಟನೆ ಆರಿತು, ಹಲ್ಲಿನ ಸಂದಿಯಲ್ಲಿ ಗಾಳಿ ಸೋರಿಹೋದ ಹಾಗೆ. ಒಳಕೋಣೆಯಲ್ಲಿದ್ದ ಗಂಡ ಪತ್ರಿಕೆ ಕೈಯಲ್ಲೇ ಹಿಡಿದು ಬಾಗಿಲಿಗೆ ಬಂದು ನಿಂತ.

ಅತ್ತೆ ಮಾತ್ರ ಪೆನ್ಸಿಲ್ ಎತ್ತಿಕೊಂಡು ಬರೆಯತೊಡಗಿದ್ದರು. ಮಿಲಿಮೀಟರ್ ಬಗ್ಗಿ ಓದಿದ: "ಸಾಲು 4: ಇದಕ್ಕೆ ಮೂರು ಕೈ ಬೇಕು. ಜನಕ್ಕೆ ಎರಡೇ ಇರುತ್ತವೆ. ಕೆಲವರಿಗೆ ಒಂದೂವರೆ."

ಅವನು ಆ ಸಾಲನ್ನು ಎರಡು ಸಲ ಓದಿ, ತನ್ನ ಡೈರಿಯಲ್ಲಿ ಬರೆದುಕೊಂಡ. "ಮೊದಲು ಸ್ವಿಚ್ ಹಾಕಿ, ಆಮೇಲೆ ಐದು ಸೆಕೆಂಡ್ ಒಳಗೆ ಕೀ ಒತ್ತಿದ್ರೂ ಸಾಕು ಅನ್ನೋ ಹಾಗೆ ಮಾಡ್ಬಹುದು ಅಜ್ಜಿ. ಅದಕ್ಕೆ ಅಚ್ಚು ಬದಲಾಯಿಸ್ಬೇಕಾಗಿಲ್ಲ. ಪ್ರಿಂಟಿಗೆ ಎರಡು ದಿನ ತಡ ಆದ್ರೆ ಆಗ್ಲಿ."

"ಮಾಡಿ ತಗೊಂಬಾ. ನೋಡ್ತೀನಿ."

ಹತ್ತು ದಿನದ ನಂತರ ಮಿಲಿಮೀಟರ್ ಬದಲಾಯಿಸಿಕೊಟ್ಟ ಪೆಟ್ಟಿಗೆಯನ್ನೂ ಅಚ್ಚಾದ ಕೈಪಿಡಿಯನ್ನೂ ಸೊಸೆ ಮೇಜಿನ ಮೇಲಿಟ್ಟಳು. ಒಂದನೆಯ ಸಾಲು ಹಿಂದಿನ ಹದಿನಾಲ್ಕರ ಹಾಗೆಯೇ: ಡಬ್ಬ ತೆರೆಯಿರಿ. ಕಂಪ್ಯೂಟರ್ ಹನ್ನೊಂದನೆಯ ಪುಟದಲ್ಲಿ, ಇದ್ದವರಿಗೆ. ಅತ್ತೆ ಕನ್ನಡಕ ಏರಿಸಿ, ಸ್ವಿಚ್ ಹಾಕಿ, ಗೋಡೆ ಗಡಿಯಾರ ನೋಡುತ್ತ ಕೂತು, ಆಮೇಲೆ ಕೀ ಒತ್ತಿದರು. ಮತ್ತೊಮ್ಮೆ ಹಾಕಿದರು. ಇನ್ನೊಮ್ಮೆ.

"ಸಾಲು 4. ಐದು ಸೆಕೆಂಡ್ ಅಂತ ಬರೆದಿದೀಯ. ಆರು ಇದೆ."

"ಇರಲಿ ಬಿಡಿ ಅತ್ತೆ, ಒಂದು ಸೆಕೆಂಡ್ ಜಾಸ್ತಿ ಸಿಕ್ರೆ ಯಾರಿಗೇನು ನಷ್ಟ?"

"ನನಗೇನೂ ಇಲ್ಲ" ಎಂದು ಅತ್ತೆ ನೋಟ್‌ಬುಕ್ಕಿನ ಹೊಸ ಹಾಳೆ ತಿರುವಿದರು. "ಆದ್ರೂ ಆ ಮಿಲಿಮೀಟರ್‌ಗೆ ಹೇಳು. ಅಳತೆ ಸರಿ ಇಲ್ಲ ಅಂತ."